ಅರ್ಧಕ್ಕೆ ಬಂದ್ ಆದ ರೇಡಿಯೊ

ಮದುವೆಯಾಗಿ ಹೈದರಾಬಾದಿಗೆ ಬಂದ ಮರುವರ್ಷ ನನಗೊಂದು ಕೆಲಸ ಸಿಕ್ಕಿತು. ವಾರಕ್ಕೆ ಎರಡು ಸಲ ಸಿಕಂದರಾಬಾದಿನ ಹಳೆಯ ಬಂಗಲೆಯೊಂದಕ್ಕೆ ಹೋಗಿ ಮೈಕಿನ ಮುಂದೆ ಕೂತು ಕನ್ನಡ ಓದಬೇಕು, ಅಷ್ಟೇ. ಬಂಗಲೆ ಒಂದು ಕ್ರೈಸ್ತ ಮಿಷನ್ನಿನದು. ಅಲ್ಲಿ ಧ್ವನಿಮುದ್ರಣ ಮಾಡಿದ ಟೇಪುಗಳು ವಿಮಾನದಲ್ಲಿ ಬೇರೆ ದೇಶದ ಪ್ರಸಾರ ಕೇಂದ್ರಕ್ಕೆ ಹೋಗುತ್ತಿದ್ದವು. ಅಲ್ಲಿಂದ ಸಂಜೆಯ ಹೊತ್ತು ಶಾರ್ಟ್‌ವೇವ್ ಮೇಲೆ, ಗರಗರ ಸದ್ದಿನ ನಡುವೆ, ಬೀದರ ಮತ್ತು ಗುಲಬರ್ಗಾ ಕಡೆಯ ಹಳ್ಳಿಗಳಿಗೆ ತಿರುಗಿ ಬರುತ್ತಿದ್ದವು. ನಮ್ಮ ಊರಿನ ಮಾತು ನಮ್ಮ ಊರು ಮುಟ್ಟಲು ಸಮುದ್ರ ದಾಟಿ ಹೋಗಿ ಬರಬೇಕಿತ್ತು.

ಕೆಲಸ ಕೊಡಿಸಿದ್ದು ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ. ನನ್ನ ಗಂಡ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದರು. ನರ್ಸಮ್ಮ ತೆಲುಗಿನ ಕ್ರೈಸ್ತರು, ಊರ ಹೊರಗಿನ ಮಿಷನ್ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ವಾರ್ಡು ನೋಡಿಕೊಳ್ಳುತ್ತಿದ್ದರು. ಬಾವಿಕಟ್ಟೆಯ ಬಳಿ ನಾನು ಅತ್ತೆಯ ಜೊತೆ ಮಾತಾಡುವುದನ್ನು ಕೇಳಿ, "ಈ ಗೊಂತು ರೇಡಿಯೊಗೆ ಬೇಕು" ಎಂದು ಒಂದೇ ಹಟ ಹಿಡಿದರು. ಗೊಂತು ಎಂದರೆ ತೆಲುಗಿನಲ್ಲಿ ಗಂಟಲು, ದನಿ.

ಅತ್ತೆ ಎರಡು ದಿನ ಯೋಚನೆ ಮಾಡಿದರು. ದಿನಾ ಸ್ನಾನ, ಪೂಜೆ, ಮಡಿ ಎಂದು ನಡೆಸಿಕೊಂಡು ಬಂದ ಹೆಂಗಸು. ಕೊನೆಗೆ ಒಂದು ಗೆರೆ ಹಾಕಿಕೊಟ್ಟರು. "ಔಷಧದ ಮಾತು ಬೇಕಾದಷ್ಟು ಓದವಾ. ದೇವರ ಮಾತು ಮಾತ್ರ ಬ್ಯಾಡ. ಅವರ ದೇವರ ಮಾತು ಅವರು ಓದ್ಕೊಳ್ಳಲಿ."

ಕಾರ್ಯಕ್ರಮ ಕಾಲು ಗಂಟೆಯದು. ಮೊದಲರ್ಧದಲ್ಲಿ ಒಬ್ಬ ಅಕ್ಕ ಮತ್ತು ನೆರೆಮನೆಯ ಹೆಂಗಸಿನ ನಡುವೆ ಮಾತುಕತೆ. ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು, ಬಸುರಿ ಏನು ತಿನ್ನಬೇಕು, ಇಂಥವು. ಆ ಅಕ್ಕ ನಾನು. ಆಮೇಲೆ ಒಂದು ಹಾಡು. ಹಾಡಿನ ನಂತರ ಬೈಬಲ್ಲಿನ ಒಂದು ಭಾಗ ಓದಿ ನಾಲ್ಕು ಮಾತು ಹೇಳುತ್ತಿದ್ದವರು ಬೀದರ ಕಡೆಯ ವಯಸ್ಸಾದ ಪಾದ್ರಿ. ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಕೊನೆಗೆ ಪೋಸ್ಟ್ ಬಾಕ್ಸ್ ನಂಬರು ಹೇಳಿ ಮುಗಿಸುವುದು. ನನ್ನ ಭಾಗ ಮುಗಿಯುತ್ತಲೇ ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದುಬಿಡುತ್ತಿದ್ದೆ. ಅತ್ತೆ ಹಾಕಿದ ಗೆರೆಯನ್ನು ದಾಟುತ್ತಿಲ್ಲ ಎಂಬ ಸಮಾಧಾನ ನನಗೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಒಮ್ಮೊಮ್ಮೆ ಅನಿಸುತ್ತಿತ್ತು: ನನ್ನ ಮಾತು ಕೇಳಲು ಕೂತವರು ಅವರ ಮಾತನ್ನೂ ಕೇಳಲಿ ಎಂದೇ ಅಲ್ಲವೇ ನನ್ನನ್ನು ಮೊದಲು ಕೂರಿಸಿರುವುದು?

ಒಂದು ಮಳೆಗಾಲದಲ್ಲಿ ಕುಷ್ಠರೋಗದ ಬಗ್ಗೆ ಓದಿದೆವು. ಬರೆದುಕೊಟ್ಟವರು ನರ್ಸಮ್ಮನೇ, ಕನ್ನಡಕ್ಕೆ ತಂದವರು ಅಯ್ಯನವರು. ಮೈಮೇಲೆ ಮಚ್ಚೆ ಬಂದು ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ಒಲೆಯ ಬಿಸಿ ತಾಗಿದರೂ ಗೊತ್ತಾಗದಿದ್ದರೆ, ಅದು ಆ ರೋಗ ಇರಬಹುದು. ಇದು ಮೊದಲರ್ಧ. ಅದಕ್ಕೆ ಈಗ ಗುಳಿಗೆ ಬಂದಿದೆ, ಪೂರ್ತಿ ವಾಸಿಯಾಗುತ್ತದೆ, ಗುಳಿಗೆ ಶುರು ಮಾಡಿದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ, ಯಾರನ್ನೂ ಮನೆಯಿಂದ ಹೊರಗಿಡಬೇಕಾಗಿಲ್ಲ. ಇದು ಉಳಿದರ್ಧ. ಬೇಗಂಪೇಟೆಯಿಂದ ಏಳುವ ವಿಮಾನಗಳ ಸದ್ದಿಗೆ ಅಂದು ಮತ್ತೆ ಮತ್ತೆ ನಿಲ್ಲಿಸಿ ಓದಬೇಕಾಯಿತು. ಓದಿ ಮುಗಿಸಿ ನಾನು ಅದನ್ನು ಮರೆತೇಬಿಟ್ಟೆ.

ಆ ಟೇಪು ಪ್ರಸಾರವಾದ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬಂಗಲೆಗೆ ಹೋದಾಗ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಾನು ಕಾವಲುಗಾರನನ್ನು, ಅಯ್ಯನವರು ಬಂದರೇ ಎಂದು ತೆಲುಗಿನಲ್ಲಿ ಕೇಳಿದೆ. ಆಕೆ ದಡಕ್ಕನೆ ಎದ್ದು ನಿಂತಳು.

"ಅಕ್ಕಾರ, ನೀವ ಅಲ್ಲೇನ್ರಿ? ರೇಡಿಯೋದಾಗ ಮಾತಾಡೋ ಅಕ್ಕಾರು?"

ನಾನು ಹೂಂ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಸಣ್ಣಾಕಿ ಅದೀರಲ್ರಿ. ನಾ ವಯಸ್ಸಾದಾಕಿ ಅನ್ಕೊಂಡಿದ್ದೆ" ಎಂದಳು. ಆಕೆ ನನಗಿಂತ ಹತ್ತು ವರ್ಷವಾದರೂ ದೊಡ್ಡವಳು.

ಬೀದರ ಜಿಲ್ಲೆಯ ಹಳ್ಳಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಆಕೆಗೆ ಗೊತ್ತಿದ್ದದ್ದು, ಹಿಂದೆ ಮನೆಯಲ್ಲಿದ್ದಾಗ ಕಾರ್ಯಕ್ರಮದ ಕೊನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಊರ ಹೆಸರು ಮತ್ತು ಪೋಸ್ಟ್ ಬಾಕ್ಸ್ ನಂಬರು ಮಾತ್ರ. ಅದು ಮನೆಯ ನಂಬರು ಎಂದೇ ತಿಳಿದು ಸಿಕ್ಕಸಿಕ್ಕವರನ್ನು ಕೇಳಿದ್ದಾಳೆ. ಯಾರೋ ಸಿಕಂದರಾಬಾದಿನ ದೊಡ್ಡ ಅಂಚೆ ಕಚೇರಿಗೆ ಕಳಿಸಿದ್ದಾರೆ. ಅಲ್ಲಿ ಕಟ್ಟೆಯ ಮೇಲೆ ಕೂತಿದ್ದವಳನ್ನು ನೋಡಲಾರದೆ ಒಬ್ಬ ಅಂಚೆಯವನು ನಮ್ಮ ಗೇಟಿನವರೆಗೂ ತಂದುಬಿಟ್ಟು ಹೋಗಿದ್ದ.

ವರಾಂಡದಲ್ಲಿ ಕೂರಿಸಿ ಚಹಾ ಕೊಡಿಸಿದೆ. ಲೋಟವನ್ನು ಬಲಗೈಯಲ್ಲಿ ಹಿಡಿದು, ತುಟಿಗೆ ಮುಟ್ಟಿಸದೆ ಎತ್ತಿ ಕುಡಿದಳು. ಆಮೇಲೆ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗೈಯ ಸೆರಗು ಬಿಚ್ಚಿದಳು. ಮುಂಗೈ ಮೇಲೆ ಅಗಲವಾದ ಮಚ್ಚೆ. ಕಿರಿಬೆರಳು ಮತ್ತು ಅದರ ಪಕ್ಕದ ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ತುದಿಯಲ್ಲಿ ಸುಟ್ಟ ಗಾಯ.

"ಹೊಲದಾಗಿನ ಗುಡಿಸಲದಾಗ ಇಟ್ಟಾರ್ರಿ ನನ್ನ. ಕೇಳಿದವರಿಗೆ ತವರಿಗೆ ಹೋಗ್ಯಾಳ ಅಂತ ಹೇಳ್ತಾರ. ನಾದಿನಿಗೆ ಗಂಡು ನೋಡಾಕತ್ತಾರ, ಅದಕ್ಕ. ಒಂದ ದಿನ ಹಿಟ್ಟು ತರಾಕ ಮನೀ ಹಿತ್ತಲಕ್ಕ ಹೋಗಿದ್ದೆ. ಮಾವನ ರೇಡಿಯೋ ಮುಂದಿನ ಕಟ್ಟೀ ಮ್ಯಾಲೆ ಹಚ್ಚಿತ್ತು. ಗ್ವಾಡಿ ಆಚೆ ನಿಂತು ಕೇಳಿದೆ. ಮಚ್ಚಿ ಅಂದ್ರಿ, ಒಲೀ ಬಿಸಿ ಗೊತ್ತಾಗಂಗಿಲ್ಲ ಅಂದ್ರಿ. ಎಲ್ಲಾ ನಂದ ಹೇಳಾಕತ್ತಿದ್ರಿ. ಅಷ್ಟರಾಗ ಬಂದ್ ಮಾಡಿಬಿಟ್ರು."

ಸೆರಗನ್ನು ಮತ್ತೆ ಕೈಗೆ ಸುತ್ತಿಕೊಂಡು, "ಆಮ್ಯಾಲೆ ಏನು ಅಂದ್ರಿ, ಅದನ್ನ ಕೇಳಾಕ ಬಂದೀನ್ರಿ" ಎಂದಳು.

ನಾನು ಹೇಳಿದೆ. ಮೈಕಿನ ಮುಂದೆ ಲೀಲಾಜಾಲವಾಗಿ ಓದಿದ್ದ ಮಾತುಗಳು ಆಕೆಯ ಮುಂದೆ ಸರಿಯಾಗಿ ಹೊರಡಲಿಲ್ಲ. ತೊದಲುತ್ತ, ಹಿಂದೆ ಮುಂದೆ ಮಾಡುತ್ತ ಹೇಳಿದೆ. ವಾಸಿಯಾಗುತ್ತದೆ ಎಂದಾಗ ಆಕೆ ಅಳಲಿಲ್ಲ. "ಖರೇನ?" ಎಂದಳು. ಮತ್ತೆ ಒಂದು ಸಲ ಹೇಳಿಸಿದಳು.

ಅಯ್ಯನವರು ಬಂದರು. ವಿಷಯ ಕೇಳಿ ಆಸ್ಪತ್ರೆಗೆ ಫೋನು ಮಾಡಿಸಿದರು. ಮಧ್ಯಾಹ್ನ ಆಸ್ಪತ್ರೆಯ ವ್ಯಾನು ಔಷಧ ಒಯ್ಯಲು ಪೇಟೆಗೆ ಬರುತ್ತದೆ, ಅದರಲ್ಲೇ ಕಳಿಸಿ ಎಂದು ಆ ಕಡೆಯಿಂದ ಹೇಳಿದರು. ಕನ್ನಡ ಬಲ್ಲವರು ಅಲ್ಲಿ ಯಾರೂ ಇಲ್ಲದ್ದರಿಂದ ನಾನೂ ಜೊತೆಗೆ ಹೋಗುವುದೆಂದಾಯಿತು.

ವ್ಯಾನು ಬರುವ ಮೊದಲೇ ಅವರು ಬಂದರು.

ನಾಲ್ಕೈದು ಸ್ಕೂಟರುಗಳ ಸದ್ದು, ಆಮೇಲೆ ಗೇಟು ಅಲ್ಲಾಡಿಸುವ ಸದ್ದು. ಕಾವಲುಗಾರ ಓಡಿ ಬಂದು, ಎಂಟು ಹತ್ತು ಜನ ಇದ್ದಾರೆ, ಹಳ್ಳಿಯ ಹೆಂಗಸನ್ನು ಹೊರಗೆ ಕಳಿಸಿ ಅನ್ನುತ್ತಿದ್ದಾರೆ ಎಂದ. ಆ ಹೊತ್ತಿಗೆ ತೆಲುಗಿನವರ ಧ್ವನಿಮುದ್ರಣ ನಡೆದಿತ್ತು, ನಿಲ್ಲಿಸಿದರು. ಹೆಂಗಸು ಗೇಟಿಗೆ ಕಾಣದಂತೆ ಕಂಬದ ಹಿಂದೆ ಸರಿದಳು. "ನಮ್ಮ ಮನೀಯವ್ರು ಬಂದಾರ" ಎಂದಳು.

ಆಕೆಯನ್ನು ಧ್ವನಿಮುದ್ರಣದ ಕೋಣೆಗೆ ಕರೆದುಕೊಂಡು ಹೋದೆ. ನಾಲ್ಕೂ ಗೋಡೆಗೆ ತೆಂಗಿನ ನಾರಿನ ಹಾಸು ಬಡಿದು, ಅದರ ಮೇಲೆ ದಪ್ಪ ಬಟ್ಟೆ ಹೊದಿಸಿದ ಕೋಣೆ. ಎರಡು ಬಾಗಿಲು. ಎರಡನ್ನೂ ಹಾಕಿದರೆ, ವಿಮಾನದ ಸದ್ದೊಂದು ಬಿಟ್ಟು, ಹೊರಗೆ ಏನಾದರೂ ಒಳಗೆ ಕೇಳದು, ಒಳಗಿನದು ಹೊರಗೆ ಕೇಳದು. ಕುರ್ಚಿ ತೋರಿಸಿದರೂ ಆಕೆ ನೆಲದ ಮೇಲೆ ಕೂತಳು.

ಹೊರಗೆ ಬಂದರೆ ಗದ್ದಲ. ಅಯ್ಯನವರು ಗೇಟಿನ ಬಳಿ ಹೋಗಿ ಕೈಮುಗಿದು ಏನೋ ಹೇಳುತ್ತಿದ್ದರು. ಅವರ ಬಿಳಿ ನಿಲುವಂಗಿ ನೋಡಿಯೇ ಆ ಜನ ಇನ್ನಷ್ಟು ಕೆರಳಿದರು. ಒಬ್ಬ ಗೇಟಿನ ಸಂದಿನಿಂದ ಕೈ ಹಾಕಿ ಅವರ ಎದೆಯ ಮೇಲೆ ದಬ್ಬಿದ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಹೂಕುಂಡಕ್ಕೆ ತಾಗಿ ಬೀಳುವುದರಲ್ಲಿ ಉಳಿದರು. ತೆಲುಗು ವಿಭಾಗದ ಮುಖ್ಯಸ್ಥರು, "ಪೊಲೀಸರಿಗೆ ಫೋನು ಮಾಡುತ್ತೇನೆ" ಎಂದು ಒಳಗೆ ನಡೆದರು. ಅಯ್ಯನವರು ತಡೆದರು.

"ಬ್ಯಾಡ. ಪೊಲೀಸರು ಬಂದ್ರ ಆಕಿನ್ನ ಗಂಡನ ಕೈಗೆ ಕೊಟ್ಟು ಹೋಗ್ತಾರ. ಯಾಕ ಬಂದಿದ್ದಿ ಅಂತ ಕೇಳ್ತಾರ. ನಾಳೆ ಪೇಪರಿನ್ಯಾಗ ಬರ್ತದ. ಆಕಿ ಊರಿಗೇ ಗೊತ್ತಾಗ್ತದ."

ಆಗ ನನಗೆ ಪೂರ್ತಿ ತಿಳಿಯಿತು, ಎಂಥ ಇಕ್ಕಟ್ಟು ಇದು ಎಂದು. ಆಕೆ ಯಾಕೆ ಬಂದಿದ್ದಾಳೆ ಎಂದು ಹೇಳಿದರೆ ನಾವು ಬಚಾವು, ಆಕೆಯ ಮನೆ ಮುಳುಗುತ್ತದೆ. ಹೇಳದಿದ್ದರೆ, ಹೆಂಗಸನ್ನು ಮತಾಂತರಕ್ಕೆ ಕರೆಸಿಕೊಂಡಿದ್ದೇವೆ ಎಂಬ ಮಾತು ನಿಂತುಬಿಡುತ್ತದೆ.

ನಾನು ಗೇಟಿಗೆ ಹೋದೆ. ಯಾರೂ ಹೋಗು ಎನ್ನಲಿಲ್ಲ.

ಮುಂದೆ ನಿಂತಿದ್ದವರು ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯ ಮಾಲೀಕರು. ನಾನು ಅವರನ್ನು ಕಂಡಿದ್ದೆ. ಹಬ್ಬಕ್ಕೆ ನಮ್ಮ ಮನೆಯ ಬಟ್ಟೆ ಅಲ್ಲೇ ತರುತ್ತಿದ್ದದ್ದು. ಅವರ ಹಿಂದೆ ಅಂಗಡಿ ಬೀದಿಯ ಹುಡುಗರು. ಎಲ್ಲರ ಹಿಂದೆ, ಕಾಂಪೌಂಡಿನ ಗೋಡೆಗೆ ಒತ್ತಿಕೊಂಡು, ಧೋತರ ಉಟ್ಟ ಒಬ್ಬ ಗಂಡಸು ತಲೆ ತಗ್ಗಿಸಿ ನಿಂತಿದ್ದ. ಅವನೇ ಗಂಡ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಎಲ್ಲಿಯವರ್ರಿ ನೀವು?" ಅಂಗಡಿಯವರು ನನ್ನ ಹಣೆ, ಕೊರಳು ನೋಡಿ ಕೇಳಿದರು.

"ಗುಲಬರ್ಗಾ ಕಡಿಯವ್ರು."

"ಕುಂಕುಮ ಹಚ್ಚೀರಿ, ತಾಳಿ ಐತಿ. ಇಲ್ಲೇನು ಮಾಡಾಕತ್ತೀರಿ?"

"ರೇಡಿಯೋದಾಗ ಓದ್ತೀನ್ರಿ."

"ಹಾಂ, ನೀವ ಏನು ಆ ಅಕ್ಕ!" ಅವರು ಹುಡುಗರ ಕಡೆ ತಿರುಗಿ ಹಿಂದಿಯಲ್ಲಿ ಏನೋ ಹೇಳಿದರು. ಹುಡುಗರು ನಕ್ಕರು. "ನಾಚಿಕಿ ಬರಬೇಕು ನಿಮಗ. ಅವ್ರು ಗಾಳ ಹಾಕ್ತಾರ, ನೀವು ಆ ಗಾಳಕ್ಕ ಸಿಗಿಸಿದ ಹುಳ. ನಿಮ್ಮ ದನಿ ಕೇಳಿ ನಮ್ಮ ಹೆಣ್ಮಕ್ಕಳು ಮನಿ ಬಿಟ್ಟು ಬರಾಕತ್ತಾರ."

ಬಸ್ಸಿನಲ್ಲಿ ಕೂತು ನಾನೇ ನನಗೆ ಕೇಳಿಕೊಂಡಿದ್ದ ಪ್ರಶ್ನೆಯನ್ನು ಅವರು ಬೀದಿಯಲ್ಲಿ ನಿಂತು ಕೇಳುತ್ತಿದ್ದರು. ನಾನು ಅವರನ್ನು ಬಿಟ್ಟು ಹಿಂದಿನ ಗಂಡಸನ್ನು ನೋಡಿದೆ.

"ಅಣ್ಣಾರ, ನೀವು ಒಬ್ಬರ ಒಳಗ ಬರ್ರಿ. ಅವ್ರು ನಿಮ್ಮ ಜೋಡಿ ಮಾತಾಡ್ತಾರ. ಬರ್ತೀನಿ ಅಂದ್ರ ಕರಕೊಂಡು ಹೋಗ್ರಿ. ಯಾರೂ ಅಡ್ಡ ಬರಂಗಿಲ್ಲ."

"ಯಾಕ ಒಳಗ? ಅಕಿನ್ನ ಹೊರಗ ಕರೀರಿ. ನಮ್ಮೆಲ್ಲರ ಮುಂದ ಹೇಳಲಿ, ಯಾಕ ಬಂದಿದ್ಲು ಅಂತ!" ಅಂಗಡಿಯವರು ಗೇಟನ್ನು ಬಡಿದರು.

ಎಲ್ಲರ ಮುಂದೆ ಎಂಬ ಮಾತು ಕೇಳಿದಾಗ ಆ ಗಂಡಸು ತಲೆ ಎತ್ತಿದ. ನಮ್ಮಿಬ್ಬರ ಕಣ್ಣು ಕೂಡಿದವು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರ ಬಾಯಿಂದಲೂ ಅದು ಬರುವ ಹಾಗಿರಲಿಲ್ಲ. ಆಮೇಲೆ ತಿಳಿದದ್ದು, ಅವನ ತಂಗಿಗೆ ಬಂದಿದ್ದ ಗಂಡಿನ ಸಂಬಂಧ ಈ ಅಂಗಡಿಯವರ ಮೂಲಕವೇ ಬಂದದ್ದು. ಈ ಊರಿನಲ್ಲಿ ಅವನಿಗೆ ಬೇರೆ ಯಾರೂ ಗೊತ್ತಿರಲಿಲ್ಲ. ಹೆಂಡತಿ ರೇಡಿಯೊದವರ ವಿಳಾಸ ವಿಚಾರಿಸುತ್ತ ಹೈದರಾಬಾದಿನ ಬಸ್ಸು ಹತ್ತಿದ್ದು ಕಂಡಕ್ಟರನಿಂದ ತಿಳಿದು, ಅವರ ಬಂಗಲೆ ಎಲ್ಲಿ ಎಂದಷ್ಟೇ ಕೇಳಲು ಅಂಗಡಿಗೆ ಹೋಗಿದ್ದ. ಯಾಕೆ ಎಂದಾಗ ನಿಜ ಹೇಳಲಾಗದೆ, ಹೆಂಡತಿಯನ್ನು ಅವರು ಕರೆಸಿಕೊಂಡಿದ್ದಾರೆ ಎಂದು ಬಾಯಿ ತಪ್ಪಿ ಅಂದಿದ್ದ. ಉಳಿದದ್ದನ್ನು ಅಂಗಡಿಯವರು ತಾವೇ ಕೂಡಿಸಿಕೊಂಡಿದ್ದರು.

ಎಲ್ಲಿಂದಲೋ ಒಂದು ಕಲ್ಲು ಬಂತು. ಬಂಗಲೆಯ ಮುಂಬಾಗಿಲ ಮೇಲಿನ ಗಾಜು ಒಡೆದು ಚೂರುಗಳು ವರಾಂಡದ ತುಂಬ ಚೆಲ್ಲಿದವು. ಒಳಗಿನ ಹೆಂಗಸರು ಕಿರುಚಿದರು. ಆ ಸದ್ದಿಗೇ ಇರಬೇಕು, ಅವನು ಹುಡುಗರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ.

"ನಾ ಒಳಗ ಹೋಗ್ತೀನ್ರಿ ಮಾಮಾ," ಅಂಗಡಿಯವರಿಗೆ ಹೇಳಿದ. "ಕಲ್ಲು ಒಗೀಬ್ಯಾಡ್ರಿ."

ಕಾವಲುಗಾರ ಗೇಟನ್ನು ಒಬ್ಬರು ನುಸುಳುವಷ್ಟು ಮಾತ್ರ ತೆರೆದ. ನಾನು ಅವನನ್ನು ಧ್ವನಿಮುದ್ರಣದ ಕೋಣೆಗೆ ಕರೆದೊಯ್ದು ಎರಡೂ ಬಾಗಿಲು ಹಾಕಿದೆ. ಗದ್ದಲ ಒಮ್ಮೆಗೇ ನಿಂತುಹೋಯಿತು. ಅವನು ಬೆಚ್ಚಿ ಸುತ್ತ ನೋಡಿದ.

"ಇಲ್ಲಿ ಏನು ಮಾತಾಡಿದ್ರೂ ಹೊರಗ ಕೇಳ್ಸಂಗಿಲ್ಲ," ಎಂದೆ. ನಾನು ಹೊರಡಲು ತಿರುಗಿದರೆ ಆಕೆ, "ನೀವು ಇರ್ರಿ ಅಕ್ಕಾರ" ಎಂದಳು.

ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಆಕೆ ನೆಲದ ಮೇಲೆ, ಮೈಕಿನ ಮೇಜಿನ ಪಕ್ಕ. ನಡುವೆ ಅಷ್ಟು ಜಾಗ ಬಿಟ್ಟುಕೊಳ್ಳುವುದು ಇಬ್ಬರಿಗೂ ರೂಢಿಯಾಗಿತ್ತೆಂದು ಕಾಣುತ್ತದೆ.

"ಯಾಕ ಬಂದಿ?" ಎಂದ.

"ನೀವು ಬಂದ್ ಮಾಡಿದ್ರಿ. ಉಳಿದದ್ದು ಕೇಳಾಕ ಬಂದೆ."

"ಗಂಡಿನ ಕಡಿಯವ್ರು ಕಟ್ಟೀ ಮ್ಯಾಲೆ ಕೂತಿದ್ರು. ದೊಡ್ಡ ರೋಗದ ಸುದ್ದಿ ಬಂತು. ನನ್ನ ಕೈಕಾಲು ತಣ್ಣಗಾದವು. ಬಂದ್ ಮಾಡದ ಏನ್ ಮಾಡ್ಲಿ?"

"ಮಾಡಿದ್ದು ತಪ್ಪು ಅನ್ನಂಗಿಲ್ಲ. ಮರುದಿನರ ಬಂದು ಹೇಳಬಹುದಿತ್ತಲ್ರಿ, ಮುಂದ ಏನಂದ್ರು ಅಂತ."

"ನನಗರ ಎಲ್ಲಿ ಗೊತ್ತದ?" ಎಂದ. "ನಾನೂ ಕೇಳಿಲ್ಲ. ಅರ್ಧಕ್ಕ ಬಂದ್ ಮಾಡೀನಿ."

ಆಕೆ ನನ್ನ ಕಡೆ ನೋಡಿದಳು. ನಾನು ಅಂದು ಮತ್ತೊಮ್ಮೆ ಅದೇ ಮಾತುಗಳನ್ನು ಹೇಳಿದೆ. ಗುಳಿಗೆ ಇದೆ. ದುಡ್ಡು ಬೇಕಾಗಿಲ್ಲ. ವಾಸಿಯಾಗುತ್ತದೆ. ಮಡಚಿದ ಬೆರಳು ಪೂರ್ತಿ ನೆಟ್ಟಗಾಗದೆ ಇರಬಹುದು, ಆದರೆ ಕೈ ಉಳಿಯುತ್ತದೆ. ತಡ ಮಾಡಿದರೆ ಕೈಯೂ ಹೋದೀತು. ಆಮೇಲೆ ಮನೆಯ ಎಲ್ಲರನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಅವನು ಬಾಗಿಲಿಗೆ ಒರಗಿದಂತೆಯೇ ಕುಸಿದು ಕುಕ್ಕರುಗಾಲಿನಲ್ಲಿ ಕೂತ. ಬಹಳ ಹೊತ್ತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ. "ಊರಾಗ ಗೊತ್ತಾಗ್ತದೇನ್ರಿ?" ಎಂದ.

"ನಮ್ಮ ಬಾಯಿಂದ ಗೊತ್ತಾಗಂಗಿಲ್ಲ."

"ಇಲ್ಲಿ ಸೇರಿದ್ರ ಅವ್ರ ದೇವರಿಗೆ ನಡಕೋಬೇಕೇನು?"

"ಇಲ್ಲ" ಎಂದೆ. ಹಾಗೆ ಹೇಳುವ ಅಧಿಕಾರ ನನಗಿದೆಯೇ ಎಂದು ಯೋಚಿಸಲಿಲ್ಲ. "ನಾ ಇಲ್ಲೇ ಕೆಲಸ ಮಾಡ್ತೀನಿ. ನಾ ನಡಕೊಂಡಿಲ್ಲ."

ಅವನು ಎದ್ದ. ಬಾಗಿಲು ತೆರೆದಾಗ ಗದ್ದಲ ಮತ್ತೆ ನುಗ್ಗಿ ಬಂತು. ಗಾಜಿನ ಚೂರಿನ ಮೇಲೆ ಬರಿಗಾಲಿನಲ್ಲೇ ನಡೆದು ಗೇಟಿನವರೆಗೆ ಹೋದ. ನಾನು ವರಾಂಡದಲ್ಲಿ ನಿಂತಿದ್ದೆ. ಅಯ್ಯನವರು ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

"ಮಾಮಾ, ತಪ್ಪು ನಂದೈತಿ," ಎಂದ, ಎಲ್ಲರಿಗೂ ಕೇಳುವಂತೆ. "ಅಕಿಗೆ ಹೊಟ್ಟೀಬ್ಯಾನಿ. ಇವರ ದವಾಖಾನ್ಯಾಗ ಚಲೋ ನೋಡ್ತಾರಂತ. ಹೋಗ್ತೀನಿ ಅಂತ ನನ್ನ ಕೇಳಿದ್ಲು, ನಾನೂ ಹೂಂ ಅಂದಿದ್ದೆ. ಆಮ್ಯಾಲೆ ಸಿಟ್ಟಿನ್ಯಾಗ ನಿಮ್ಮ ಮುಂದ ಏನೇನೋ ಅಂದೆ. ಯಾರೂ ಕರಸಿಲ್ಲ ಅಕಿನ್ನ."

ಅಂಗಡಿಯವರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಗೇಟಿನ ಸಂದಿನಿಂದ ಕೈ ಹಾಕಿ ಅವನ ಕಪಾಳಕ್ಕೆ ಹೊಡೆದರು. ಆ ಏಟಿನ ಸದ್ದಿಗೆ ಹುಡುಗರೂ ಸುಮ್ಮನಾದರು.

"ಅಂಗಡಿ ಬಂದ್ ಮಾಡಿ ಬಂದೀನಿ ನಿನ್ನ ಸಲುವಾಗಿ. ಇಷ್ಟು ಮಂದಿ ಮುಂದ ನನ್ನ ಮರ್ಯಾದಿ ತಗದಿ."

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಹೌದ್ರಿ" ಎಂದ.

ಅವರು ಹೋದರು. ಹೋಗುವಾಗ ಅಂಗಡಿಯವರು ನನ್ನ ಕಡೆ ತಿರುಗಿ, "ನಿಮ್ಮ ಮನೀಯವ್ರಿಗೆ ಗೊತ್ತೈತೇನು ಈ ಕೆಲಸ?" ಎಂದರು. ನಾನು ಉತ್ತರ ಕೊಡುವ ಮೊದಲೇ ಸ್ಕೂಟರು ಶುರುವಾಯಿತು.

ವ್ಯಾನಿನಲ್ಲಿ ಮೂವರೂ ಹೋದೆವು. ಆಸ್ಪತ್ರೆಯಲ್ಲಿ ನರ್ಸಮ್ಮ ಆಕೆಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಯನ್ನು ಅಲ್ಲಲ್ಲಿ ಮುಟ್ಟುತ್ತ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲು ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಭುಜದ ಬಳಿ ಸರಿಯಾಗಿ ತೋರಿಸಿದಳು. ಮೊಳಕೈ ಬಳಿಯೂ ತೋರಿಸಿದಳು. ಮಚ್ಚೆಯ ಮೇಲೆ ಹತ್ತಿ ಓಡಾಡುತ್ತಿತ್ತು, ಆಕೆ ಮುಂದಿನ ಸಲಕ್ಕೆ ಕಾಯುತ್ತ ಕೂತೇ ಇದ್ದಳು. ಅವನು ಅದನ್ನು ನೋಡುತ್ತಿದ್ದ. "ಅಲ್ಲಿ ಮುಟ್ಟಿದ್ರಲ್ಲ, ಅಲ್ಲಿ" ಎಂದು ಮೆಲ್ಲಗೆ ಹೇಳಿದ, ಆಕೆಗೆ ನೆನಪು ಮಾಡಿಕೊಡುವವನಂತೆ.

ಮರುದಿನ ನಾನು ಅಯ್ಯನವರ ಮುಂದೆ ಕೂತು ನೇರವಾಗಿ ಕೇಳಿದೆ. "ಆ ಅಂಗಡಿಯವ್ರು ಹೇಳಿದ್ದು ಖರೇನ್ರಿ? ನಾ ಗಾಳದ ಹುಳ ಏನು?"

ಅವರು ಕನ್ನಡಕ ತೆಗೆದು ಒರೆಸಿದರು. ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರೆ ನನಗೆ ಸುಲಭವಿತ್ತು.

"ನಾ ಸುಳ್ಳು ಹೇಳಂಗಿಲ್ಲವಾ. ಜನ ಯೇಸುವಿನ ಮಾತು ಕೇಳಬೇಕು ಅನ್ನೋದು ನನ್ನ ಆಸೆ. ಅದಕ್ಕ ನಾ ಈ ಕೆಲಸಕ್ಕ ಬಂದೀನಿ. ಆದ್ರ ಯಾರರ ನಿನ್ನ ಭಾಗ ಕೇಳಿ ನನ್ನ ಭಾಗಕ್ಕ ರೇಡಿಯೋ ಬಂದ್ ಮಾಡಿದ್ರೂ, ಅವರಿಗೆ ಗುಳಿಗಿ ಸಿಗಬೇಕು. ಸಿಗ್ತದ."

"ಹಂಗಂತ ರೇಡಿಯೋದಾಗ ಹೇಳ್ತೀರೇನು?"

ಅವರು ಯೋಚಿಸಿದರು. ಇದಕ್ಕೆ ಮೇಲಿನವರನ್ನು ಕೇಳಬೇಕು ಎಂದರು. ಕೇಳಿದರು. ಮೇಲಿನವರಿಗೆ ಇಷ್ಟವಾಗಲಿಲ್ಲ, ಒಂದಷ್ಟು ದಿನ ಎಳೆದಾಡಿದರು. ಅದು ಇತ್ಯರ್ಥವಾಗುವವರೆಗೆ ನಾನು ಬರುವುದಿಲ್ಲ ಎಂದು ಮನೆಯಲ್ಲಿ ಉಳಿದೆ. ಕೊನೆಗೆ ನನ್ನ ಭಾಗದ ಕೊನೆಯಲ್ಲಿ ಒಂದು ವಾಕ್ಯ ಸೇರಿತು: ನಮ್ಮ ಕಾರ್ಯಕ್ರಮದ ಉಳಿದ ಭಾಗವನ್ನು ಕೇಳಿದರೂ ಕೇಳದಿದ್ದರೂ, ನೀವು ಯಾವ ದೇವರಿಗೆ ನಡೆದುಕೊಂಡರೂ, ಆಸ್ಪತ್ರೆಗೆ ಬನ್ನಿ. ಅದನ್ನು ಅಯ್ಯನವರೇ ಬರೆದರು, ನಾನು ಓದಿದೆ.

ಮನೆಯಲ್ಲಿ ಉಳಿದ ಆ ದಿನಗಳು ಸುಖದ್ದಾಗಿರಲಿಲ್ಲ. ಅಂಗಡಿಯವರು ಸುಮ್ಮನಿರಲಿಲ್ಲ. ಹೈದರಾಬಾದು ಎಷ್ಟು ದೊಡ್ಡ ಊರಾದರೂ ಕನ್ನಡದ ಮನೆಗಳವರು ಒಬ್ಬರಿಗೊಬ್ಬರು ಗೊತ್ತು. ಅತ್ತೆ ಯಾರದೋ ಮನೆಗೆ ಅರಿಷಿಣ ಕುಂಕುಮಕ್ಕೆ ಹೋದವರು ಬೇಗನೆ ತಿರುಗಿ ಬಂದರು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು.

"ಹಳ್ಳಿ ಹೆಂಗಸರನ್ನ ಹಿಡಿದು ಕೊಡಾಕತ್ತೀಯಂತ ಅವರಿಗೆ. ಮಂದಿ ಮುಂದ ನನ್ನ ಮುಖಕ್ಕ ಹೊಡದಂಗ ಅಂದ್ರು. ಏನಾಗೇದ ಹೇಳು."

"ಹೇಳೋ ಹಂಗಿಲ್ರಿ ಅತ್ತಿ."

"ನನಗೂ?"

"ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನ್ರಿ. ನೀವು ಹಾಕಿದ ಗೆರಿ ದಾಟಿಲ್ಲ. ಇಷ್ಟ ಹೇಳಬಲ್ಲೆ."

ಅತ್ತೆ ಒಳಗೆ ಹೋದರು. ಅಂದಿನಿಂದ ಬಹಳ ದಿನ ನನ್ನ ಜೊತೆ ಬೇಕಾದ ಮಾತಷ್ಟೇ ಆಡಿದರು. ಗಂಡ, "ಆ ಕೆಲಸ ಬಿಟ್ಟುಬಿಡು, ಇವೆಲ್ಲಾ ಯಾಕ ನಮಗ" ಎಂದರು. ಆ ಹೊಸ ವಾಕ್ಯ ಸೇರಿದ ಮೇಲೆ ನಾನು ಮತ್ತೆ ಬಂಗಲೆಗೆ ಹೊರಟಾಗ ಅತ್ತೆ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪ್ರತಿ ಸಲ ಬಸ್ಸಿಗೆ ಹೊರಡುವಾಗ ಬೆನ್ನಿನ ಮೇಲೆ ಅವರ ಕಣ್ಣು ಇರುತ್ತಿತ್ತು.

ಆಕೆ ಕೆಲವು ವಾರ ಆಸ್ಪತ್ರೆಯಲ್ಲಿದ್ದು ಊರಿಗೆ ಹೋದಳು. ತಿಂಗಳು ತಿಂಗಳು ಗುಳಿಗೆಗೆ ಬರುತ್ತಾಳೆಂದು ನರ್ಸಮ್ಮ ಹೇಳುತ್ತಿದ್ದರು. ನಾದಿನಿಯ ಮದುವೆ ಬೇರೆ ಕಡೆ ಗೊತ್ತಾಯಿತಂತೆ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಮಾವನ ಬೆನ್ನ ಮೇಲೂ ಒಂದು ಸಣ್ಣ ಮಚ್ಚೆ ಸಿಕ್ಕಿತಂತೆ. ಮುದುಕ ಮೊದಲು ಕೂಗಾಡಿ, ಆಮೇಲೆ ಸೊಸೆಯ ಜೊತೆಗೇ ಗುಳಿಗೆ ನುಂಗಲು ಶುರು ಮಾಡಿದರಂತೆ. ಆಕೆ ಹೊಲದ ಗುಡಿಸಲು ಬಿಟ್ಟು ಮನೆಗೆ ಬಂದದ್ದು ಆಗಲೇ.

ಒಂದು ರವಿವಾರ ನಾನು ಅಡುಗೆ ಮನೆಯಲ್ಲಿದ್ದಾಗ ಅತ್ತೆ ಹೊರಗೆ ಯಾರ ಜೊತೆಯೋ ಕನ್ನಡದಲ್ಲಿ ಮಾತಾಡುವುದು ಕೇಳಿಸಿತು. ಬಂದು ನೋಡಿದರೆ, ನರ್ಸಮ್ಮನ ಮನೆಯ ಮೆಟ್ಟಿಲ ಮೇಲೆ ಗಂಡಹೆಂಡತಿ ಇಬ್ಬರೂ ಕೂತಿದ್ದರು. ಗುಳಿಗೆ ಮುಗಿದಿದ್ದವು, ನರ್ಸಮ್ಮನಿಗೆ ಹೇಳಿ ಹೋಗಲು ಬಂದಿದ್ದರು. ನರ್ಸಮ್ಮ ಚರ್ಚಿಗೆ ಹೋಗಿದ್ದರು.

"ಕರ್ನಾಟಕದವ್ರು, ಬಿಸಲಾಗ ಕೂತಾರ," ಅತ್ತೆ ನನಗೆ ಹೇಳಿದರು. "ಒಳಗ ಬರ್ರಿ ಅಂದ್ರ ಒಲ್ಲೆ ಅಂತಾರ. ನೀ ಕರಿ."

ಆಕೆ ನನ್ನನ್ನು ನೋಡಿ ಎದ್ದಳು, ಆದರೆ ಗುರುತಿನ ಮಾತು ಆಡಲಿಲ್ಲ. ಆಡಬೇಕೋ ಬೇಡವೋ ಎಂದು ನನ್ನ ಕಣ್ಣಲ್ಲಿ ಹುಡುಕಿದಳು. ಒಳಗೆ ಕರೆದೆ. ಅತ್ತೆ ಇಬ್ಬರಿಗೂ ತಟ್ಟೆ ಹಾಕಿ ರೊಟ್ಟಿ ಬಡಿಸಿದರು. ಅವನು ಕೂತ. ಆಕೆ ಮಾತ್ರ ಗೋಡೆಗೆ ಒತ್ತಿ ನಿಂತಳು, ಎಡಗೈ ಸೆರಗಿನಲ್ಲಿ.

"ಕೂಡವಾ. ಕೈ ತೊಳಕೊಂಡು ಕೂಡು," ಎಂದು ಅತ್ತೆ ನೀರಿನ ತಂಬಿಗೆ ಚಾಚಿದರು. ತಂಬಿಗೆ ಹಿಡಿಯಲು ಆಕೆ ಎರಡೂ ಕೈ ತೆಗೆಯಲೇಬೇಕಾಯಿತು.

ಅತ್ತೆ ಆ ಬೆರಳುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎಷ್ಟೋ ತಿಂಗಳಿಂದ ನಾನು ಹೇಳದೆ ಉಳಿಸಿದ್ದೆಲ್ಲ ಅವರಿಗೆ ಆ ಒಂದು ನೋಟದಲ್ಲಿ ತಿಳಿದುಹೋಯಿತು. ತಂಬಿಗೆ ಇಬ್ಬರ ಕೈಯಲ್ಲೂ ಇತ್ತು. ಅವನು ತುತ್ತು ಬಾಯಿಗಿಡದೆ ತಟ್ಟೆಯ ಮೇಲೆ ಕೈ ಹಿಡಿದುಕೊಂಡಿದ್ದ.

"ಈಗ ಆರಾಮ ಆಗೇದೇನವಾ?" ಅತ್ತೆ ಕೇಳಿದರು.

"ಆಗೇತ್ರಿ. ಗುಳಿಗಿ ಮುಗದಾವ್ರಿ. ಡಾಕ್ಟರು ಇನ್ನ ಏನೂ ಇಲ್ಲ ಅಂದಾರ್ರಿ."

ಅತ್ತೆ ತಂಬಿಗೆಯನ್ನು ಆಕೆಯ ಕೈಗೆ ಬಿಟ್ಟರು. "ಹಂಗಾದ್ರ ಕೂಡು. ರೊಟ್ಟಿ ಆರ್ತಾವ."

ಆಕೆ ಕೂತು ಉಂಡಳು. ಅತ್ತೆ ಮತ್ತೊಂದು ರೊಟ್ಟಿ ಹಾಕಿದರು, ಬದನೆಕಾಯಿ ಪಲ್ಯ ಹಾಕಿದರು. ಬೀದರ ಕಡೆ ಈ ವರ್ಷ ಜೋಳ ಹೇಗಿದೆ ಎಂದು ಕೇಳಿದರು. ಅವನು ಹೇಳಿದ. ಉಂಡ ಮೇಲೆ ಇಬ್ಬರೂ ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಹೊರಟರು. ನರ್ಸಮ್ಮನಿಗೆ ಹೇಳಿ ಎಂದು ಹೋದರು. ಆ ಮೇಲೆ ನಾನು ಅವರನ್ನು ನೋಡಲಿಲ್ಲ.

ಆಕೆಯ ತಟ್ಟೆಯನ್ನು ನಾನು ತೆಗೆಯಲು ಹೋದರೆ ಅತ್ತೆ ಬಿಡಲಿಲ್ಲ. ಬಚ್ಚಲಿಗೆ ಒಯ್ದು ಬಿಸಿನೀರು ಸುರಿದು ಒಂದು ಸಲ ತಿಕ್ಕಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮತ್ತೆ ಬಿಸಿನೀರು ಸುರಿದು ಎರಡನೆಯ ಸಲ ತಿಕ್ಕಿದರು. ಆಮೇಲೆ ಮನೆಯ ಉಳಿದ ತಟ್ಟೆಗಳ ಜೊತೆಗೇ ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ, "ಹೇಳಿದ್ರ ನಾ ಏನ್ ಅಂತಿದ್ದೆ?" ಎಂದರು.

ಏನನ್ನುತ್ತಿದ್ದರೋ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಉಣ್ಣಲು ಕೂತೆವು.